ಅಕ್ಕಡಿ ಸಾಲಿನ ಬೇರುಗಂಟು

ತುಮಕೂರಿನ ಶೆಟ್ಟಿಹಳ್ಳಿ ಈಗ ನಗರದ ಬಡಾವಣೆ. ಅಲ್ಲಿಂದ ಗುಬ್ಬಿ, ಕುಣಿಗಲ್ ಕಡೆ ಹೊರಟರೆ ಕೆಂಪು ಮಣ್ಣಿನ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲು, ಅಂದರೆ ರಾಗಿಯ ನಡುವೆ ಕಾಳಿನ ಸಾಲು, ಇನ್ನೂ ಕಾಣಸಿಗುತ್ತದೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ಎರಡು ಸಾಲು ತೊಗರಿ ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡುತ್ತದೆ. 1964ರಲ್ಲಿ ಆ ವಿಶ್ವವಿದ್ಯಾಲಯ ಹುಟ್ಟುವ ಎಷ್ಟೋ ಮೊದಲೇ ರೈತರು ಅಕ್ಕಡಿ ಹಾಕುತ್ತಿದ್ದರು.

ಕಾಳು ಬೆಳೆದ ನೆಲದಲ್ಲಿ ಮುಂದಿನ ಪೈರು ಹುಲುಸಾಗುವುದಕ್ಕೆ ಕಾರಣ ಸಿಕ್ಕಿದ್ದು 1886ರಲ್ಲಿ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಕಾಯಿಸಿ ಶುದ್ಧಮಾಡಿದ ಮರಳಿನಲ್ಲಿ ಬಟಾಣಿ ಹಾಕಿದರು. ಗಿಡ ಸೊರಗಿತು. ಹೊಲದ ಮಣ್ಣು ಕದಡಿದ ನೀರು ಸುರಿದಾಗ ಬೇರಿನಲ್ಲಿ ಗಂಟು ಕಟ್ಟಿ, ಗಿಡ ಚಿಗಿತುಕೊಂಡಿತು. 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ, ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದೇ ಇಂದಿನ ರೈಜೋಬಿಯಂ. 1896ರ ಹೊತ್ತಿಗೆ ಜರ್ಮನಿಯಲ್ಲಿ ಅದು 'ನೈಟ್ರಾಜಿನ್' ಎಂಬ ಹೆಸರಲ್ಲಿ ಮಾರಾಟಕ್ಕೂ ಬಂತು. 1970ರ ದಶಕದಲ್ಲಿ ಬ್ರೆಜಿಲ್‌ನ ಯೊಹಾನ್ನಾ ಡೋಬರೈನರ್ ಹುಲ್ಲುಜಾತಿಯ ಬೇರುಗಳಲ್ಲಿ ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾ ಇದೇ ಕೆಲಸ ಮಾಡುವುದನ್ನು ಎತ್ತಿ ತೋರಿದರು. ಈಗ ರಾಗಿ ಬೀಜಕ್ಕೂ ಅದರ ಪೊಟ್ಟಣವಿದೆ. ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತಬೇಕು.

ಪೊಟ್ಟಣ ತಂದರಷ್ಟೇ ಸಾಲದು, ಅದರೊಳಗಿನ ಬ್ಯಾಕ್ಟೀರಿಯಾವನ್ನು ಮಣ್ಣು ಸಾಕಬೇಕು. ಅವರೆ, ತೊಗರಿ, ಅಲಸಂದೆ, ಹುರುಳಿ, ಕಡಲೆಕಾಯಿ ಎಲ್ಲಕ್ಕೂ ಹೊಂದುವುದು ಒಂದೇ ಬಳಗದ ಬ್ಯಾಕ್ಟೀರಿಯಾ. ಹೀಗಾಗಿ ಅಕ್ಕಡಿ ಬಿಡದ ಹೊಲದಲ್ಲಿ ಅದರ ಸಂತತಿ ಇದ್ದೇ ಇರುತ್ತದೆ. ಹೊಸದಾಗಿ ಬಂದ ಸೋಯಾಗೆ ಬೇರೆಯೇ ಜಾತಿ ಬೇಕು.

ಬೇಸಿಗೆಯಲ್ಲಿ ಬರಿಮೈ ಬಿಟ್ಟ ಕೆಂಪು ಮಣ್ಣು ಕಾದು ಒಣಗಿದರೆ ಈ ಬ್ಯಾಕ್ಟೀರಿಯಾಗಳ ಸಂಖ್ಯೆ ಕುಸಿಯುತ್ತದೆ. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಬೇರಿಗೆ ದಕ್ಕದು. ಅದಿಲ್ಲದೆ ಸಾರಜನಕ ಹಿಡಿಯುವ ಕಿಣ್ವ ನಡೆಯದು. ಸುಣ್ಣ ಹಾಕಿದರೆ ಹುಳಿಯೂ ತಗ್ಗುತ್ತದೆ, ಮಾಲಿಬ್ಡಿನಂ ಕೂಡ ದಕ್ಕುತ್ತದೆ. ಬೇರಿನ ಹೊರಗೆ ಒಂಟಿಯಾಗಿ ಬದುಕುತ್ತಲೇ ಸಾರಜನಕ ಹಿಡಿಯುವ ಅಜೋಟೋಬ್ಯಾಕ್ಟರ್‌ಗೆ ಕೊಟ್ಟಿಗೆ ಗೊಬ್ಬರವೇ ಅನ್ನ. ಯೂರಿಯಾ ಹೆಚ್ಚಾದರೆ ಗಂಟು ಕಟ್ಟುವುದೇ ಕಡಿಮೆ. ಸಾರಜನಕ ಪುಕ್ಕಟೆ ಸಿಗುವಾಗ ಗಿಡ ತನ್ನ ಸಕ್ಕರೆ ಕೊಟ್ಟು ಬ್ಯಾಕ್ಟೀರಿಯಾವನ್ನು ಏಕೆ ಸಾಕೀತು?

ಅವರೆ ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಅಗೆದು, ನೀರಲ್ಲಿ ತೊಳೆದು, ಗಂಟನ್ನು ಉಗುರಿನಲ್ಲಿ ಸೀಳಿ. ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನಾದ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣವದು. ಆ ಸಾಲಿಗೆ ಮೇಲುಗೊಬ್ಬರವಾಗಿ ಯೂರಿಯಾ ಬೇಡ. ಗಂಟು ಬಿಳಿಚಿಕೊಂಡಿದ್ದರೆ ಅಥವಾ ಹಸಿರಾಗಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ಕೊಟ್ಟಿಗೆ ಗೊಬ್ಬರಕ್ಕೆ ದಾರಿ ನೋಡಿ. ಪೊಟ್ಟಣದ ಮಾತು ಆಮೇಲೆ.