ಗಣಿಯ ತಳಹಾಸು: ಪ್ರಮಾಣಪತ್ರದ ಆಚೆಗಿನ ತಪಾಸಣೆ

ಸರಕು ಕಾರ್ಖಾನೆಯ ಬಾಗಿಲು ದಾಟಿದೊಡನೆ ತಯಾರಕನ ಹೊಣೆ ಮುಗಿಯಿತೆಂಬ ಭಾವನೆ ನಮ್ಮ ಉದ್ಯಮ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಕೆಲವು ಸರಕುಗಳ ಮಟ್ಟಿಗೆ ಈ ಭಾವನೆ ದುಬಾರಿಯಾಗಬಲ್ಲದು. ಗಣಿಗಳಲ್ಲಿ ವಿಷಯುಕ್ತ ದ್ರಾವಣವು ನೆಲಕ್ಕಿಳಿಯದಂತೆ ತಡೆಯುವ ಪ್ಲಾಸ್ಟಿಕ್ ತಳಹಾಸು, ಅಂದರೆ ಲೈನರ್, ಅಂತಹ ಸರಕುಗಳಲ್ಲೊಂದು. ಅಮೆರಿಕದ ಕೊಲೊರಾಡೊ ರಾಜ್ಯದ ಸಮ್ಮಿಟ್‌ವಿಲ್ ಚಿನ್ನದ ಗಣಿಯ ಪ್ರಕರಣವು ಇದಕ್ಕೆ ನಿದರ್ಶನವಾಗಿದೆ.

ಚಳಿಗಾಲದ ಅವಸರ

ಸುಮಾರು 3,500 ಮೀಟರ್ ಎತ್ತರದ ಪರ್ವತ ಪ್ರದೇಶದಲ್ಲಿರುವ ಈ ಗಣಿಯನ್ನು ಗ್ಯಾಲಾಕ್ಟಿಕ್ ರಿಸೋರ್ಸಸ್ ಎಂಬ ಕೆನಡಾದ ಸಂಸ್ಥೆಯ ಅಂಗಸಂಸ್ಥೆಯು ನಡೆಸುತ್ತಿತ್ತು. ಪುಡಿಮಾಡಿದ ಅದಿರನ್ನು ತಳಹಾಸಿನ ಮೇಲೆ ರಾಶಿ ಹಾಕಿ, ಮೇಲಿನಿಂದ ಸಯನೈಡ್ ದ್ರಾವಣವನ್ನು ಹನಿಸಿ, ಚಿನ್ನವನ್ನು ಕರಗಿಸಿಕೊಂಡು ಕೆಳಗಿಳಿಯುವ ದ್ರಾವಣವನ್ನು ಸಂಗ್ರಹಿಸುವುದು ಅಲ್ಲಿನ ವಿಧಾನ. ತಳಹಾಸನ್ನು 1985-86ರ ಕಠಿಣ ಚಳಿಗಾಲದಲ್ಲಿ ಹಾಸಲಾಯಿತು. 1986ರ ಜೂನ್‌ನಲ್ಲಿ ದ್ರಾವಣ ಹನಿಸಲಾರಂಭಿಸಿದ ಕೆಲವೇ ದಿನಗಳಲ್ಲಿ ಸೋರಿಕೆ ಪತ್ತೆಯಾಯಿತು.

1992ರ ಡಿಸೆಂಬರ್‌ನಲ್ಲಿ ಸಂಸ್ಥೆಯು ದಿವಾಳಿಯೆಂದು ಘೋಷಿಸಿಕೊಂಡು ಗಣಿಯನ್ನು ಕೈಬಿಟ್ಟಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಅದನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಶುದ್ಧೀಕರಣದ ವೆಚ್ಚ 15 ಕೋಟಿ ಡಾಲರುಗಳನ್ನು ಮೀರಿತು. ಕೆಳಭಾಗದ ಅಲಮೋಸಾ ನದಿಗಾದ ಹಾನಿಗೆ ತಳಹಾಸೊಂದೇ ಕಾರಣವಲ್ಲ. ಗಣಿಯಿಂದ ಹರಿದ ಆಮ್ಲಯುಕ್ತ, ಲೋಹಮಿಶ್ರಿತ ನೀರಿನ ಪಾಲೂ ದೊಡ್ಡದಿತ್ತು. ಆದರೂ ತಳಹಾಸಿನ ಸೋರಿಕೆ ಮೊದಲ ಎಚ್ಚರಿಕೆಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಪರಿಶೀಲನೆ ಏನನ್ನು ಕೇಳುತ್ತದೆ?

ಈ ಅನುಭವದ ನಂತರ ಕೊಲೊರಾಡೊ ರಾಜ್ಯವು 1993ರಲ್ಲಿ ತನ್ನ ಗಣಿ ಕಾನೂನನ್ನು ತಿದ್ದುಪಡಿ ಮಾಡಿ, ವಿಷಕಾರಕ ದ್ರಾವಣ ಬಳಸುವ ಗಣಿಗಳಿಗೆ ಪರಿಸರ ರಕ್ಷಣಾ ಯೋಜನೆಯನ್ನು ಕಡ್ಡಾಯಗೊಳಿಸಿತು. ಇಂದು ಲೈನರ್ ಸಾಮಗ್ರಿಯ ಪರಿಶೀಲನೆಯೆಂದರೆ ಕೇವಲ ಹಾಳೆಯ ದಪ್ಪ ಅಳೆಯುವುದಲ್ಲ.

ಮೊದಲನೆಯದು ಕಚ್ಚಾವಸ್ತು. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಆರ್‌ಐ-ಜಿಎಂ13 ನಿರ್ದಿಷ್ಟತೆಯ ಪ್ರಕಾರ ಎಚ್‌ಡಿಪಿಇ ಹಾಳೆಯಲ್ಲಿ ಶೇ. 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್ ಇರಬೇಕು; ಬಿಸಿಲಿನಿಂದ ಹಾಳೆಯನ್ನು ಕಾಯುವುದು ಅದೇ. ಎರಡನೆಯದು ತಳದ ಮಣ್ಣು: ಚೂಪುಗಲ್ಲುಗಳಿಲ್ಲದೆ, ಸಮವಾಗಿ ಅದುಮಿರಬೇಕು. ಮೂರನೆಯದು ಬೆಸುಗೆ. ಜೋಡಿ ಬೆಸುಗೆಗಳ ನಡುವಿನ ಕೊಳವೆಯಂಥ ಜಾಗಕ್ಕೆ ಗಾಳಿ ತುಂಬಿ, ಒತ್ತಡ ನಿಲ್ಲುವುದೇ ಎಂದು ನೋಡುತ್ತಾರೆ. ತುಂಡುಗಳನ್ನು ಕತ್ತರಿಸಿ ಪ್ರಯೋಗಾಲಯದಲ್ಲಿ ಎಳೆದು ಪರೀಕ್ಷಿಸುತ್ತಾರೆ. ನಾಲ್ಕನೆಯದು ಹವಾಮಾನ. ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಇಳಿದರೆ 100 ಮೀಟರ್ ಉದ್ದದ ಹಾಳೆಯು ಸುಮಾರು ಅರ್ಧ ಮೀಟರಿನಷ್ಟು ಕುಗ್ಗಬಲ್ಲದು. ಈ ಎಳೆತಕ್ಕೆ ಅವಕಾಶ ಬಿಡದಿದ್ದಲ್ಲಿ ಉತ್ತಮ ಹಾಳೆಯೂ ಬೆಸುಗೆಯ ಬಳಿ ಸೋಲುತ್ತದೆ.

ನಮ್ಮ ಉದ್ದಿಮೆದಾರರಿಗೆ

ಕರ್ನಾಟಕದ ಪಾಲಿಗೆ ಇದು ದೂರದ ಮಾತಲ್ಲ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಸಯನೈಡ್ ದಿಬ್ಬಗಳನ್ನು ನಾವೆಲ್ಲರೂ ಬಲ್ಲೆವು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಿಗೂ ಪ್ಲಾಸ್ಟಿಕ್ ಹೊದಿಕೆಯನ್ನೇ ಹಾಸಲಾಯಿತು. ಎಚ್‌ಡಿಪಿಇ ಲೈನರ್ ಹಾಳೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16352 ಮಾನಕವೂ ಇದೆ.

ಆದುದರಿಂದ ಈ ಕ್ಷೇತ್ರಕ್ಕಿಳಿಯುವ ಸಣ್ಣ ತಯಾರಕರು ಮತ್ತು ವರ್ತಕರು ಕೆಲವು ಅಂಶಗಳನ್ನು ರೂಢಿಸಿಕೊಳ್ಳುವುದು ಒಳಿತು. ಪ್ರತಿಯೊಂದು ಸುರುಳಿಗೂ ಕ್ರಮಸಂಖ್ಯೆ ನೀಡಿ, ಯಾವ ಕಚ್ಚಾವಸ್ತುವಿನ ತಂಡದಿಂದ ತಯಾರಾಯಿತೆಂಬ ದಾಖಲೆಯನ್ನು ಇರಿಸಬೇಕು. ಮಾದರಿ ತುಂಡನ್ನು ಕಾರ್ಖಾನೆಯಲ್ಲಿ ಕಾಯ್ದಿಡಬೇಕು. ಹಾಸುವ ಹಾಗೂ ಬೆಸೆಯುವ ಷರತ್ತುಗಳನ್ನು ಲಿಖಿತವಾಗಿ ಸರಕಿನೊಡನೆ ಕಳುಹಿಸಿ, ಸ್ವೀಕೃತಿ ಪಡೆಯಬೇಕು. ಹಾಸುವವನು ಬೇರೆ ಗುತ್ತಿಗೆದಾರನಾಗಿದ್ದಲ್ಲಿ, ಹೊಣೆಯ ಗಡಿ ಎಲ್ಲಿಯವರೆಗೆ ಎಂಬುದು ಕರಾರಿನಲ್ಲಿಯೇ ಸ್ಪಷ್ಟವಾಗಿರಬೇಕು.

ತಳಹಾಸಿನ ಮೇಲೆ ಅದಿರು ಬಿದ್ದ ನಂತರ ಅದನ್ನು ಎತ್ತಿ ನೋಡುವಂತಿಲ್ಲ. ಆಗ ತಯಾರಕನ ಪರವಾಗಿ ಮಾತನಾಡುವುದು ದಾಖಲೆಗಳು ಮಾತ್ರ. ಇನ್‌ಸ್ಪೆಕ್ಟರ್ ಕೇಳುವ ಕಾಗದಗಳು ಕಿರುಕುಳವೆಂದು ತೋರಬಹುದು. ಸೋರಿಕೆ ಕಂಡ ದಿನ ಪ್ರಾಮಾಣಿಕ ತಯಾರಕನನ್ನು ಕಾಯುವುದೂ ಅವೇ ಕಾಗದಗಳು.