ಶಿಬಿರ ಹಾಕುವ ಮುನ್ನ ಕಾರ್ಮಿಕರನ್ನು ಕೇಳಿ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನಿಮ್ಮ ಮನೆಯಿಂದಲೋ ಪಕ್ಕದ ಮನೆಯಿಂದಲೋ ಒಬ್ಬರು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಡುತ್ತಿರಬಹುದು. ಇಂಥವರ ಆರೋಗ್ಯಕ್ಕಾಗಿ ಏನಾದರೂ ಮಾಡಬೇಕೆನಿಸಿದಾಗ ಆಡಳಿತದವರಿಗೆ ಮೊದಲು ಹೊಳೆಯುವುದು ಒಂದು ದಿನದ ತಪಾಸಣಾ ಶಿಬಿರ, ಇಲ್ಲವೇ ವಾರಕ್ಕೊಂದು ಯೋಗ ತರಗತಿ. ಎರಡೂ ಒಳ್ಳೆಯವೇ. ಆದರೆ ನಿಜವಾದ ತೊಂದರೆ ಏನೆಂದು ತಿಳಿಯದೆ ಶುರುಮಾಡಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಉರಿಮೂತ್ರದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಔಷಧಿಯಿಂದ ವಾರದಲ್ಲಿ ವಾಸಿಯಾಗಿ, ತಿಂಗಳಲ್ಲಿ ಮತ್ತೆ ಬರುತ್ತದೆ. ವಿಚಾರಿಸಿದರೆ, ಆಕೆ ಕೆಲಸದ ವೇಳೆ ನೀರೇ ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು; ಎದ್ದು ಹೋದರೆ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಗದರುತ್ತಾರೆ. ನೀರು ಕಡಿಮೆಯಾಗಿ, ಮೂತ್ರವನ್ನೂ ತಡೆದುಕೊಂಡರೆ ಮೂತ್ರಕೋಶದಲ್ಲಿ ರೋಗಾಣುಗಳು ಬೆಳೆಯಲು ಅನುಕೂಲವಾಗುತ್ತದೆ. ಹೆಂಗಸರಲ್ಲಿ ಮೂತ್ರ ಹೊರಬರುವ ನಾಳ ಗಿಡ್ಡವಾಗಿರುವುದರಿಂದ ಸೋಂಕು ಬೇಗ ತಗಲುತ್ತದೆ. ಇಲ್ಲಿ ಬೇಕಾದದ್ದು ಉಪನ್ಯಾಸವಲ್ಲ. ಹತ್ತಿರದಲ್ಲೇ ಕುಡಿಯುವ ನೀರು, ಚೊಕ್ಕಟವಾದ ಶೌಚಾಲಯ, ಹೆದರದೆ ಎದ್ದು ಹೋಗುವ ಅವಕಾಶ. ನೀರು ಮತ್ತು ಶೌಚಾಲಯ ಒದಗಿಸಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು.

ತಿಳಿಯುವುದು ಹೇಗೆ?

ಮೊದಲನೆಯದು, ಕೇಳುವುದು. ಹೆಸರು ಬರೆಯದ ಚೀಟಿಯಲ್ಲಿ ನಾಲ್ಕೈದು ಪ್ರಶ್ನೆ ಸಾಕು. ಕೆಲಸ ಮುಗಿಯುವ ಹೊತ್ತಿಗೆ ಎಲ್ಲಿ ನೋವು? ಇಲ್ಲಿರುವಾಗ ಎಷ್ಟು ಲೋಟ ನೀರು ಕುಡಿಯುತ್ತೀರಿ? ತಿಂಡಿ ತಿಂದು ಬರುತ್ತೀರಾ? ಎಷ್ಟು ಗಂಟೆ ನಿದ್ದೆ? ಮೊದಲು ಏನು ಸರಿಹೋಗಬೇಕು? ಓದಲು ಬಾರದವರನ್ನೂ ಹೊರರಾಜ್ಯದವರನ್ನೂ ಅವರ ಭಾಷೆ ಬಲ್ಲವರು ಕೂರಿಸಿಕೊಂಡು ಕೇಳಲಿ. ಕೇಳುವವರು ಸೂಪರ್‌ವೈಸರ್ ಆಗಿರಬಾರದು.

ಎರಡನೆಯದು, ರಜೆಯ ಪುಸ್ತಕ ಹಾಗೂ ಪ್ರಥಮ ಚಿಕಿತ್ಸೆಯ ಪುಸ್ತಕವನ್ನು ತಿರುವಿಹಾಕುವುದು. ತಲೆನೋವಿನ ಮಾತ್ರೆ ಇಸ್ತ್ರಿ ವಿಭಾಗಕ್ಕೇ ಹೆಚ್ಚು ಹೋಗಿದ್ದರೆ ಅಲ್ಲಿನ ಸೆಕೆಯನ್ನು ಗಮನಿಸಬೇಕು.

ಮೂರನೆಯದು, ಕೆಲಸ ನಡೆಯುವಾಗಲೇ ಒಳಗೆ ಓಡಾಡಿ ನೋಡುವುದು. ಹೊಲಿಯುವವರ ಆಸನಕ್ಕೆ ಬೆನ್ನಾನಿಕೆ ಇದೆಯೇ? ನಿಂತು ಚೆಕ್ಕಿಂಗ್ ಮಾಡುವವರಿಗೆ ನಡುವೆ ಕೂರಲು ಜಾಗವಿದೆಯೇ? ಬೆಳಕು, ಗಾಳಿ ಸಾಕಷ್ಟಿದೆಯೇ?

ನಾಲ್ಕನೆಯದು, ತಪಾಸಣೆ. ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಮುಖ್ಯ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ಸೋಮಾರಿತನವೆಂದು ಬೈಸಿಕೊಳ್ಳುವ ಎಷ್ಟೋ ಸುಸ್ತಿಗೆ ಇದೇ ಕಾರಣವಾಗಿರಬಹುದು.

ಗುಟ್ಟು ಉಳಿಯಲಿ

ಒಬ್ಬೊಬ್ಬರ ಫಲಿತಾಂಶ ಅವರವರಿಗೆ ಮತ್ತು ವೈದ್ಯರಿಗೆ ಮಾತ್ರ ತಿಳಿಯಬೇಕು. ಎಷ್ಟು ಜನರಿಗೆ ರಕ್ತಹೀನತೆ, ಎಷ್ಟು ಜನರಿಗೆ ಬೆನ್ನುನೋವು ಎಂಬ ಒಟ್ಟು ಲೆಕ್ಕವಷ್ಟೇ ಆಡಳಿತಕ್ಕೆ ಸಾಕು. ಬಿ.ಪಿ. ಇದೆಯೆಂದು ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯವಿದ್ದರೆ ಯಾರೂ ನಿಜ ಹೇಳುವುದಿಲ್ಲ. ಹೇಳದೆ ಮುಚ್ಚಿಟ್ಟ ಬಿ.ಪಿ. ಮುಂದೊಂದು ದಿನ ಪಾರ್ಶ್ವವಾಯುವಿಗೆ ದಾರಿಯಾಗಬಹುದು.

ಲೆಕ್ಕ ಕೈಗೆ ಬಂದ ಮೇಲೆ, ಹೆಚ್ಚು ಜನರನ್ನು ಕಾಡುವ ಎರಡು ತೊಂದರೆಗಳನ್ನು ಆರಿಸಿಕೊಂಡು ಅವುಗಳಿಂದಲೇ ಆರಂಭಿಸಿ. ಆರು ತಿಂಗಳ ನಂತರ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ಹಣ ಸಾರ್ಥಕವಾಯಿತೋ ಇಲ್ಲವೋ ಆಗ ತಿಳಿಯುತ್ತದೆ.

ಮನೆಯವರಿಗೂ ಒಂದು ಮಾತು. ದುಡಿದು ಬಂದ ಮಗಳನ್ನೋ ಸೊಸೆಯನ್ನೋ ಇವತ್ತು ಎಷ್ಟು ನೀರು ಕುಡಿದೆ, ಮಧ್ಯಾಹ್ನ ಉಂಡೆಯಾ ಎಂದು ವಿಚಾರಿಸಿ. ಉರಿಮೂತ್ರದ ಜೊತೆಗೆ ಚಳಿಜ್ವರ, ಪಕ್ಕೆನೋವು ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ರಜೆ ಸಿಗಲೆಂದು ಭಾನುವಾರದವರೆಗೆ ಕಾಯದೆ ಅಂದೇ ವೈದ್ಯರಿಗೆ ತೋರಿಸಿ.