ಸಕ್ಕರೆ ಇಳಿದಾಗ ಮನೆಯವರ ಪಾತ್ರ



ಯೇಸುಸ್ವಾಮಿ ಯಾಯೀರನ ಮಗಳನ್ನು ಬದುಕಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಆದರೆ ಆ ಅದ್ಭುತವಾದ ಮೇಲೆ ಪ್ರಭು ಹೇಳಿದ ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹುಡುಗಿಗೆ ತಿನ್ನಲು ಏನಾದರೂ ಕೊಡುವಂತೆ ಅವರು ಮನೆಯವರಿಗೆ ತಿಳಿಸಿದರೆಂದು ಸಂತ ಮಾರ್ಕರು ಬರೆದಿದ್ದಾರೆ. ದೇಹದ ಆರೈಕೆಯನ್ನು ಪ್ರಭು ಮನೆಯವರ ಕೈಗೆ ಒಪ್ಪಿಸಿದರು. ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಈ ಆರೈಕೆ ಕೆಲವೊಮ್ಮೆ ಜೀವ ಉಳಿಸುವ ಕೆಲಸವಾಗುತ್ತದೆ.

ಸಕ್ಕರೆ ಕಾಯಿಲೆ ಎಂದರೆ ರಕ್ತದಲ್ಲಿ ಸಕ್ಕರೆ ಏರುವುದು ಎಂದಷ್ಟೇ ಅನೇಕರು ತಿಳಿದಿದ್ದಾರೆ. ಅದು ಇಳಿಯುವುದೂ ಅಪಾಯವೇ. ಒಂದು ಡೆಸಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಎಚ್ಚರ ವಹಿಸಬೇಕು. 54ಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು. ಇನ್ನು ‘ತೀವ್ರ ಇಳಿಕೆ’ ಎಂದು ವೈದ್ಯರು ಹೇಳುವುದು ಯಾವುದೇ ಅಂಕಿಯನ್ನು ನೋಡಿ ಅಲ್ಲ. ರೋಗಿ ತನ್ನನ್ನು ತಾನೇ ನೋಡಿಕೊಳ್ಳಲಾಗದೆ ಇನ್ನೊಬ್ಬರ ಸಹಾಯ ಬೇಕಾದರೆ ಅದೇ ತೀವ್ರ ಇಳಿಕೆ. ಆ ಇನ್ನೊಬ್ಬರು ಹೆಚ್ಚಾಗಿ ಮನೆಯವರೇ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮತ್ತು ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗುವವರಿಗೆ ಈ ತೊಂದರೆ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಅಪರೂಪ. ಔಷಧಿ ತೆಗೆದುಕೊಂಡು ಊಟ ತಡವಾದರೆ, ಎಂದಿಗಿಂತ ಹೆಚ್ಚು ಮೈಮುರಿದು ದುಡಿದರೆ, ಮದ್ಯ ಸೇವಿಸಿದರೆ ಸಕ್ಕರೆ ಇಳಿಯುತ್ತದೆ. ನಮ್ಮ ಭಾಗದ ಬದುಕನ್ನೇ ನೋಡಿ. ಶಿಡ್ಲಘಟ್ಟದ ಮನೆಗಳಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಚಿಕ್ಕಬಳ್ಳಾಪುರದ ಹೂವಿನ ತೋಟದವರು ಬೆಳಗಿನ ಜಾವವೇ ಹೂ ಬಿಡಿಸಲು ಹೊರಡುತ್ತಾರೆ. ಚಿಂತಾಮಣಿಯ ಮಾರುಕಟ್ಟೆಗೆ ಬಂದ ರೈತ ಮಾಲು ಮಾರುವ ತನಕ ಊಟ ಮರೆಯುತ್ತಾನೆ. ಗೌರಿಬಿದನೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ತಿಂಡಿ ಬಿಟ್ಟು ಓಡುತ್ತಾರೆ. ಸೂಜಿ ಮಾತ್ರ ತಪ್ಪುವುದಿಲ್ಲ.

ಮನೆಯ ತಾಯಂದಿರ ಕಥೆ ಬೇರೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು ಅವರ ರೂಢಿ. ಇನ್ಸುಲಿನ್ ತೆಗೆದುಕೊಂಡ ತಾಯಿ ಹಾಗೆ ಕಾಯುವುದು ತ್ಯಾಗವಲ್ಲ, ಅಪಾಯ. ಆಕೆ ಮೊದಲು ಉಣ್ಣಲಿ, ಉಳಿದವರು ಬಡಿಸಿಕೊಳ್ಳಲಿ.

ಮೆದುಳಿಗೆ ಸಕ್ಕರೆಯೇ ಮುಖ್ಯ ಆಹಾರ. ಅದು ಇಳಿದಾಗ ಮೊದಲು ಬೆವರು, ನಡುಕ, ಎದೆಬಡಿತ, ಹಸಿವು. ಆಮೇಲೆ ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ನಡಿಗೆ ತಪ್ಪುತ್ತದೆ. ಅಕ್ಕಪಕ್ಕದವರು ‘ಕುಡಿದಿದ್ದಾನೆ’ ಎನ್ನುತ್ತಾರೆ. ಹೆಂಡತಿ ಸಕ್ಕರೆ ನೀರು ತಂದರೆ ಲೋಟ ತಳ್ಳಿ ಬೈಯುತ್ತಾನೆ. ಮಕ್ಕಳು ಮೂಲೆಯಲ್ಲಿ ನಿಂತು ಅಳುತ್ತಾರೆ. ಅರ್ಧ ಗಂಟೆಯ ನಂತರ ಚೇತರಿಸಿಕೊಂಡವನಿಗೆ ಏನೂ ನೆನಪಿರುವುದಿಲ್ಲ. ಆಕೆಗೆ ಎಲ್ಲವೂ ನೆನಪಿರುತ್ತದೆ. ಮುಂದೆ ಆಕೆ ರಾತ್ರಿ ಎದ್ದೆದ್ದು ಗಂಡನ ಹಣೆ ಮುಟ್ಟಿ ನೋಡುತ್ತಾಳೆ. ಅವನು ಕಾವಲಿಗೆ ಬೇಸತ್ತು ರೇಗುತ್ತಾನೆ. ಹೀಗೆ ಪ್ರೀತಿಯಿದ್ದ ಮನೆಯಲ್ಲೇ ಅನುಮಾನ ಹುಟ್ಟುತ್ತದೆ. ಪ್ರಿಯರೇ, ಆ ಹೊತ್ತಿನ ಬೈಗುಳ ಅವನ ಮನಸ್ಸಿನದಲ್ಲ, ಹಸಿದ ಮೆದುಳಿನದು. ಅದನ್ನು ತಪ್ಪೆಂದು ಲೆಕ್ಕಕ್ಕಿಡಬೇಡಿ.

ಹಾಗಾದರೆ ಮಾಡಬೇಕಾದುದೇನು?

1. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ನಾಲ್ಕು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದ ನಂತರ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಮತ್ತೆ ಕೊಡಿ. ಮುದ್ದೆ, ಬಿಸ್ಕತ್ತು ನಿಧಾನವಾಗಿ ಜೀರ್ಣವಾಗುತ್ತವೆ, ಅವು ಆಮೇಲೆ.

2. ಪ್ರಜ್ಞೆ ತಪ್ಪಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರು ಕಟ್ಟೀತು. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ವೈದ್ಯರು ಗ್ಲುಕಗಾನ್ ಚುಚ್ಚುಮದ್ದು ಕೊಟ್ಟು ಕಲಿಸಿದ್ದರೆ ಅದನ್ನು ಕೊಡಿ.

3. ಚೇತರಿಸಿಕೊಂಡರೂ ಅಂದೇ ವೈದ್ಯರನ್ನು ಕಾಣಿ. ಮಾತ್ರೆಯಿಂದ ಇಳಿದ ಸಕ್ಕರೆ ಕೆಲವು ಗಂಟೆಗಳ ನಂತರ ಮತ್ತೆ ಇಳಿಯಬಹುದು. ವಯಸ್ಸಾದವರಲ್ಲಿ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಇದು ಹೆಚ್ಚು.

ಹೆದರಿ ನೀವಾಗಿಯೇ ಔಷಧಿ ನಿಲ್ಲಿಸಬೇಡಿ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವ ಮೊದಲು ಸಕ್ಕರೆ ಕಾಯಿಲೆಯ ಮಕ್ಕಳಿಗೆ ಬದುಕುವ ದಾರಿಯೇ ಇರಲಿಲ್ಲ. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ.

ಭಕ್ತಾದಿಗಳಿಗೆ ಉಪವಾಸದ ವಿಷಯದಲ್ಲೂ ಗೊಂದಲವಿದೆ. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸ ನಿಜ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿಯ ಪ್ರಕಾರ ವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಆರೈಕೆ ಮಾಡುವವರನ್ನೂ ಧರ್ಮಸಭೆ ಮರೆತಿಲ್ಲ ಎಂಬುದನ್ನು ಗಮನಿಸಿ. ವಿಭೂತಿ ಬುಧವಾರ, ಶುಭ ಶುಕ್ರವಾರದ ಉಪವಾಸವೂ ಆರೋಗ್ಯ ಕೆಡಿಸಿಕೊಳ್ಳಲು ಅಲ್ಲ. ಪೂಜೆಯ ಮಧ್ಯೆ ಮೈ ನಡುಗಿದರೆ ಜೇಬಿನಲ್ಲಿರುವ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಲು ಸಂಕೋಚ ಬೇಡ.

ಈ ವಾರ ಒಂದು ಸಂಜೆ, ಜಪಸರದ ನಂತರ ಮನೆಯವರೆಲ್ಲ ಕುಳಿತು ಮಾತನಾಡಿ. ಸಕ್ಕರೆ ಡಬ್ಬಿ ಎಲ್ಲಿದೆ, ಯಾರಿಗೆ ಕರೆ ಮಾಡಬೇಕು ಎಂಬುದು ಚಿಕ್ಕ ಮಕ್ಕಳಿಗೂ ತಿಳಿದಿರಲಿ. ರೋಗಿಯೂ ಬಿಗುಮಾನ ಬಿಟ್ಟು ‘ಆ ಹೊತ್ತಿನಲ್ಲಿ ನಾನು ಬೇಡವೆಂದರೂ ಕುಡಿಸಿ’ ಎಂದು ಮೊದಲೇ ಹೇಳಿಡಲಿ. ಒಬ್ಬರ ಭಾರವನ್ನು ಮತ್ತೊಬ್ಬರು ಹೊರುವ ಕುಟುಂಬಗಳನ್ನು ಪ್ರಭು ಆಶೀರ್ವದಿಸಲಿ.